ಅಮಾವಾಸ್ಯೆ ನೋಡಿ ಹೊರಡಿ, ದುಡ್ಡು ಉಳಿಸಿ

"ತಾತ, ಈ ರಜಕ್ಕಾದ್ರೂ ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ?"

ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ, ಹನೂರಿನಲ್ಲಿ, ಕೊಳ್ಳೇಗಾಲದಲ್ಲಿ ಈ ಪ್ರಶ್ನೆ ಕೇಳದ ಮೊಮ್ಮಕ್ಕಳಿಲ್ಲ. ತಾತನಿಗೂ ಆಸೆಯಿದೆ. ಆದರೆ ಪಿಂಚಣಿಯ ಹಣಕ್ಕೆ ಮಿತಿಯಿದೆ, ಮಂಡಿ ನೋವಿದೆ, ನೂಕುನುಗ್ಗಲಿನ ಭಯವಿದೆ. ಕೊನೆಗೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಬರುತ್ತದೆ. ಮುಂದಿನ ವರ್ಷ ಮಗು ಒಂದು ತರಗತಿ ಮೇಲಕ್ಕೆ ಹೋಗಿರುತ್ತದೆ, ತಾತನ ಮಂಡಿ ಇನ್ನೊಂದಿಷ್ಟು ಸವೆದಿರುತ್ತದೆ. ಆದ್ದರಿಂದ ಈ ವರ್ಷವೇ, ಕಡಿಮೆ ಖರ್ಚಿನಲ್ಲಿ, ಜನಸಂದಣಿ ಇಲ್ಲದ ದಿನ ಹೋಗಿಬರುವುದು ಹೇಗೆಂದು ನೋಡೋಣ. ಇದಕ್ಕೆ ಯುರೋಪಿನ ಅಜ್ಜ ಅಜ್ಜಿಯರಿಂದಲೂ ಕಲಿಯುವುದಿದೆ.

ಗಾಡಿಯೇ ಮನೆ

ಯುರೋಪಿನಲ್ಲಿ ನಿವೃತ್ತರಾದ ಅನೇಕರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಅದರಲ್ಲೇ ಹಾಸಿಗೆ, ಅದರಲ್ಲೇ ಒಲೆ. ರಾತ್ರಿ ಅದನ್ನು ನಿಲ್ಲಿಸಲು ಕ್ಯಾಂಪ್‌ಸೈಟ್ ಎಂಬ ಬಿಡಾರದ ಜಾಗಗಳಿವೆ. ಅಲ್ಲಿ ನೀರು, ವಿದ್ಯುತ್, ಸ್ನಾನದ ಮನೆ ಇರುತ್ತವೆ. ಬ್ರಿಟನ್ನಿನಲ್ಲಿ ಕ್ಯಾರವಾನ್ ಪ್ರಿಯರ ಸಂಘವೊಂದು 1907ರಲ್ಲೇ ಹುಟ್ಟಿತು.

ನಮಗೆ ಇದು ಹೊಸದೆನಿಸಬೇಕಿಲ್ಲ. ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುವ ಚಿಕ್ಕಲ್ಲೂರು ಜಾತ್ರೆಯನ್ನು ನೆನೆಯಿರಿ. ಸಿದ್ದಪ್ಪಾಜಿಯ ಒಕ್ಕಲಿನವರು ಹಿಂದೆ ಕಮಾನು ಗಾಡಿ ಕಟ್ಟಿಕೊಂಡು, ಪಾತ್ರೆ, ಅಕ್ಕಿ, ಸೌದೆ ಹೇರಿಕೊಂಡು ಹೋಗುತ್ತಿದ್ದರು. ಬಯಲಲ್ಲಿ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ, ಪಂಕ್ತಿ ಸೇವೆಯ ದಿನ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಟೆಂಪೊ ಬಂದಿವೆ. ಬಿಡಾರ ಮಾತ್ರ ಹೋಗಿಲ್ಲ.

ರಿಯಾಯಿತಿಯ ಒಳಗುಟ್ಟು

ಯುರೋಪಿನಲ್ಲಿ ಜುಲೈ, ಆಗಸ್ಟ್ ಶಾಲೆಗಳಿಗೆ ರಜೆಯ ಕಾಲ. ಆಗ ಬಿಡಾರದ ಜಾಗಗಳು ತುಂಬಿ ದರ ಏರುತ್ತದೆ. ಉಳಿದ ತಿಂಗಳು ಜಾಗ ಖಾಲಿ ಬಿದ್ದಿರುತ್ತದೆ. ಖಾಲಿ ಬಿಡುವ ಬದಲು ಕಡಿಮೆ ದರಕ್ಕೆ ಕೊಡೋಣ ಎಂಬ ಯೋಚನೆಯಿಂದ ಹಲವು ರಿಯಾಯಿತಿ ಯೋಜನೆಗಳು ಬಂದವು. ನೆದರ್ಲೆಂಡ್ಸ್‌ನ ಎಸಿಎಸ್‌ಐ ಸಂಸ್ಥೆಯ ಕಾರ್ಡ್ ಅವುಗಳಲ್ಲಿ ಹೆಸರುವಾಸಿ. ಕಾರ್ಡ್ ಕೊಂಡವರಿಗೆ ಸೀಸನ್ ಇಲ್ಲದ ದಿನಗಳಲ್ಲಿ, ಇಬ್ಬರು ದೊಡ್ಡವರಿಗೆ ಒಂದು ರಾತ್ರಿಗೆ ಇಷ್ಟೇ ಎಂದು ಗೊತ್ತುಪಡಿಸಿದ ದರ. ಇನ್ನು ಕೆಲವು ಯೋಜನೆಗಳಲ್ಲಿ ಮೊದಲೇ ಹಣ ಕೊಟ್ಟು ಚೀಟಿ ಕೊಳ್ಳಬೇಕು. ಕೆಲವು ಕಡೆ ಏಳು ರಾತ್ರಿ ಉಳಿದರೆ ಆರು ರಾತ್ರಿಯ ಹಣ ಕೊಟ್ಟರೆ ಸಾಕು.

ಯಾವುದು ಲಾಭ? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಕಾರ್ಡಿನ ಬೆಲೆ 15 ಯುರೋ ಎಂದಿಟ್ಟುಕೊಳ್ಳೋಣ. ಒಂದು ಜಾಗದ ದರ ಜುಲೈನಲ್ಲಿ 45 ಯುರೋ, ಕಾರ್ಡ್ ಇದ್ದವರಿಗೆ ಸೆಪ್ಟೆಂಬರಿನಲ್ಲಿ 20 ಯುರೋ. "ಅರ್ಧಕ್ಕಿಂತ ಕಡಿಮೆ!" ಎಂದು ಕುಣಿಯುವ ಮುಂಚೆ ಒಂದು ಪ್ರಶ್ನೆ ಕೇಳಬೇಕು. ಕಾರ್ಡ್ ಇಲ್ಲದವರಿಗೆ ಅದೇ ಸೆಪ್ಟೆಂಬರಿನಲ್ಲಿ ಎಷ್ಟು? 28 ಯುರೋ ಆದರೆ ರಾತ್ರಿಗೆ ಉಳಿತಾಯ 8. ಎರಡು ರಾತ್ರಿಗೆ 16, ಅಂದರೆ ಕಾರ್ಡಿನ ಹಣ ಬಂತು. ಅದೇ ಜಾಗ ಎಲ್ಲರಿಗೂ 22 ಯುರೋಗೆ ಸಿಗುವುದಾದರೆ ಉಳಿತಾಯ ಎರಡೇ ಯುರೋ. ಆಗ ಕಾರ್ಡಿನ ಹಣ ಹುಟ್ಟಲು ಎಂಟು ರಾತ್ರಿ ಬೇಕು. ರಿಯಾಯಿತಿಯನ್ನು ಸೀಸನ್ ದರದ ಜೊತೆ ಹೋಲಿಸಬಾರದು, ನಾವು ಹೋಗುವ ದಿನದ ದರದ ಜೊತೆ ಹೋಲಿಸಬೇಕು. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿಗೂ ಇದೇ ಲೆಕ್ಕ.

ಇನ್ನೆರಡು ವಿಷಯ ನೋಡಬೇಕು. ದರದಲ್ಲಿ ಏನೇನು ಸೇರಿದೆ? ಪ್ರವಾಸಿ ತೆರಿಗೆ ಹೊರಗಿರಬಹುದು, ಮಕ್ಕಳಿಗೆ ಬೇರೆ ಹಣ ಕೇಳಬಹುದು. ಆ ದಿನಗಳಲ್ಲಿ ಏನೇನು ಮುಚ್ಚಿರುತ್ತದೆ? ಸೀಸನ್ ಇಲ್ಲದಾಗ ಈಜುಕೊಳಕ್ಕೆ, ಅಂಗಡಿಗೆ ಬೀಗ ಬಿದ್ದಿರುವುದುಂಟು. ಮಗ, ಮಗಳು ಅಲ್ಲಿದ್ದಾರೆಂದು ಮೂರು ತಿಂಗಳಿಗೆ ಹೋಗಿಬರುವ ನಮ್ಮ ಹಿರಿಯರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಅಲ್ಲಿ ಶಾಲೆಯ ಗಂಟೆ, ಇಲ್ಲಿ ಚಂದ್ರ

ಆ ಯೋಜನೆಗಳಲ್ಲಿ ಒಂದು ಕೊರತೆಯಿದೆ. ಅಗ್ಗದ ದಿನಗಳಲ್ಲಿ ಅಜ್ಜ ಅಜ್ಜಿಗೆ ಬಿಡುವು, ಮೊಮ್ಮಕ್ಕಳಿಗೆ ಶಾಲೆ. ಎಲ್ಲರೂ ಒಮ್ಮೆಗೇ ರಸ್ತೆಗಿಳಿಯಬಾರದೆಂದು ಜರ್ಮನಿಯ ರಾಜ್ಯಗಳು ಬೇಸಿಗೆ ರಜೆಯನ್ನು ಹಿಂದೆ ಮುಂದೆ ಮಾಡಿಕೊಂಡಿವೆ. ನೆದರ್ಲೆಂಡ್ಸ್ ದೇಶವನ್ನೇ ಮೂರು ಭಾಗ ಮಾಡಿ ರಜೆ ಹಂಚಿದೆ. ಆದರೂ ಸೀಸನ್ನನ್ನು ಶಾಲೆಯ ಗಂಟೆಯೇ ನಿರ್ಧರಿಸುತ್ತದೆ.

ನಮ್ಮ ಕಡೆ ಹಾಗಲ್ಲ. ಮಲೆ ಮಹದೇಶ್ವರ ಬೆಟ್ಟದ ದೊಡ್ಡ ಜಾತ್ರೆಗಳನ್ನು ಎಣಿಸಿ: ಮಹಾಲಯ ಅಮಾವಾಸ್ಯೆ, ದೀಪಾವಳಿ, ಶಿವರಾತ್ರಿ, ಯುಗಾದಿ. ನಾಲ್ಕೂ ಅಮಾವಾಸ್ಯೆಯ ದಿನವೋ ಅದರ ಆಸುಪಾಸಿನಲ್ಲೋ ಬರುತ್ತವೆ. ಇವಲ್ಲದೆ ಪ್ರತಿ ಅಮಾವಾಸ್ಯೆಗೂ ಜನಸಾಗರ. ಅಂದರೆ ನಮ್ಮ ಸೀಸನ್ ನಿರ್ಧರಿಸುವವನು ಚಂದ್ರ!

ಇದು ಮೊಮ್ಮಕ್ಕಳ ಅದೃಷ್ಟ. ಅಮಾವಾಸ್ಯೆ ಬರುವುದು ಸುಮಾರು 29 ದಿನಕ್ಕೊಮ್ಮೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆಯಲ್ಲಿ ಅದು ಒಂದು ಅಥವಾ ಎರಡು ಸಲ ಬಂದೀತು. ಆ ದಿನಗಳನ್ನೂ, ಭಾನುವಾರ, ಸೋಮವಾರಗಳನ್ನೂ ಬಿಟ್ಟರೆ ರಜೆಯಲ್ಲೇ ಬೇಕಾದಷ್ಟು ನಿರಾಳ ದಿನಗಳು ಉಳಿಯುತ್ತವೆ. ಶಾಲೆ ತಪ್ಪಿಸಬೇಕಾಗಿಲ್ಲ, ತಾತ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಿಲ್ಲ. ಕೊಠಡಿ ಸಿಗುವುದೂ ಸುಲಭ, ದಾಸೋಹದಲ್ಲಿ ನೆಮ್ಮದಿಯಾಗಿ ಕೂತು ಊಟ ಮಾಡಬಹುದು.

ಬಿಳಿಗಿರಿರಂಗನ ಬೆಟ್ಟಕ್ಕೂ ಹೀಗೆಯೇ ನೋಡಿ. ಸಂಕ್ರಾಂತಿಯ ವೇಳೆಗೆ ಚಿಕ್ಕ ಜಾತ್ರೆ, ವೈಶಾಖದಲ್ಲಿ ದೊಡ್ಡ ಜಾತ್ರೆ. ಆ ದಿನಗಳನ್ನು ಬಿಟ್ಟು ವಾರದ ನಡುವೆ ಹೊರಡಿ. ಭರಚುಕ್ಕಿಗೆ ಮಾತ್ರ ಈ ಲೆಕ್ಕ ನಡೆಯದು. ಬೇಸಿಗೆಯಲ್ಲಿ ಜನವೂ ಇಲ್ಲ, ನೀರೂ ಇಲ್ಲ. ಮಳೆಗಾಲದಲ್ಲಿ ಕಾವೇರಿ ತುಂಬಿದಾಗಲೇ ಅದರ ಚೆಲುವು.

ಜೇಬಿನಲ್ಲೇ ಇರುವ ಕಾರ್ಡ್

ಯುರೋಪಿನವರು ಕಾರ್ಡಿಗೆ ಹಣ ಕೊಡಬೇಕು. ನಮ್ಮ ಜೇಬಿನಲ್ಲಿರುವ ಆಧಾರ್ ಕಾರ್ಡೇ ನಮಗೆ ರಿಯಾಯಿತಿ ಕಾರ್ಡ್. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. 60 ವರ್ಷ ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇಕಡ 25 ರಿಯಾಯಿತಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್.

ಪೂರ್ಣ ಟಿಕೆಟ್ 100 ರೂಪಾಯಿ ಎಂದಿಟ್ಟುಕೊಳ್ಳಿ. ತಾತ, ಅಜ್ಜಿ, ಹತ್ತು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ ಹೊರಟಿದ್ದಾರೆ. ತಾತನಿಗೆ 75, ಅಜ್ಜಿಗೆ ಸೊನ್ನೆ, ಮೊಮ್ಮಗಳಿಗೆ ಸೊನ್ನೆ, ಮೊಮ್ಮಗನಿಗೆ 50. ಒಟ್ಟು 125. ಶಕ್ತಿ ಯೋಜನೆಯೂ ಹಿರಿಯರ ರಿಯಾಯಿತಿಯೂ ಇಲ್ಲದಿದ್ದರೆ 300 ಆಗುತ್ತಿತ್ತು. ಹೋಗಿಬರುವಾಗ 350 ರೂಪಾಯಿ ಉಳಿತಾಯ. ಆದರೆ ಐಷಾರಾಮಿ ಬಸ್ಸು ಹತ್ತಿದರೆ ಶಕ್ತಿ ಯೋಜನೆ ಅನ್ವಯಿಸದು. ಆಧಾರ್ ಮರೆತರೆ ಅಜ್ಜಿಗೂ ಪೂರ್ಣ ಟಿಕೆಟ್. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿರುವುದೂ ನೆನಪಿರಲಿ.

ಕೆ. ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ. ಅಲ್ಲಿನ ದರ ಕೇಳಿದರೆ ಎದೆ ಧಸಕ್ಕೆನ್ನಬಹುದು. ಆದರೆ ವಾಸ, ಊಟ, ಸಫಾರಿ ಎಲ್ಲ ಸೇರಿದ ತಲಾ ದರ ಅದು. ಬರಿಯ ಕೊಠಡಿ ಬಾಡಿಗೆಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮಕ್ಕಳ ದರ ಎಷ್ಟು, ವಾರದ ದಿನಗಳಲ್ಲಿ ಕಡಿಮೆಯಿದೆಯೇ ಎಂದು ಕೇಳಿಯೇ ಕಾದಿರಿಸಿ.

ಒಂದು ಎಚ್ಚರಿಕೆ. ಯುರೋಪಿನವರ ಹಾಗೆ ಬಿಡಾರ ಹೂಡೋಣವೆಂದು ಕಾಡಿನ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಹೇಳಲಾಗದು. ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಕಾಡೇ ಹೊತ್ತಿಕೊಳ್ಳುತ್ತದೆ. ಬೆಳಕಿರುವಾಗಲೇ ಬೆಟ್ಟ ಹತ್ತಿ, ಬೆಳಕಿರುವಾಗಲೇ ಇಳಿಯಿರಿ.

ಮಕ್ಕಳೇ, ಇವತ್ತು ಸಂಜೆ ಗೋಡೆಯ ಕ್ಯಾಲೆಂಡರ್ ಇಳಿಸಿ ತಾತನ ಪಕ್ಕ ಕೂರಿ. ಶಾಲೆಯ ರಜೆಗೆ ಹಸಿರು ಗುರುತು ಹಾಕಿ. ಅಮಾವಾಸ್ಯೆ, ಜಾತ್ರೆ, ಭಾನುವಾರ, ಸೋಮವಾರಗಳಿಗೆ ಕಪ್ಪು ಗುರುತು. ಅಜ್ಜಿಯ ಆಸ್ಪತ್ರೆಯ ದಿನ, ಅಪ್ಪನ ಕಟಾವಿನ ದಿನಗಳನ್ನೂ ಹೊಡೆದುಹಾಕಿ. ಉಳಿದ ಹಸಿರು ದಿನಗಳಲ್ಲಿ ಒಂದನ್ನು ಆರಿಸಿ, ತಾತನ ಕೈಯಲ್ಲೇ ಸುತ್ತು ಹಾಕಿಸಿ. ಸುತ್ತು ಹಾಕಿದ ಮೇಲೆ ತಾತ "ಮುಂದಿನ ವರ್ಷ" ಎನ್ನುವ ಹಾಗಿಲ್ಲ.