ಅಮ್ಮ ಮೆಚ್ಚಿದ ಹಾಡುಗಳಿಗೆ ಮರಳಿದ ಮಗಳು

ಅಮೆರಿಕದ ಗಾಯಕಿ ಎಟ್ಟಾ ಜೇಮ್ಸ್ ಅವರಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ಒಲಿದದ್ದು 1995ರಲ್ಲಿ. ಅಷ್ಟರಲ್ಲಿ ಅವರು ವೇದಿಕೆ ಏರಿ ನಾಲ್ಕು ದಶಕಗಳೇ ಕಳೆದಿದ್ದವು. ಸೋಲ್ ಹಾಗೂ ರಿದಂ ಅಂಡ್ ಬ್ಲೂಸ್ ಪ್ರಕಾರಗಳಲ್ಲಿ ಅವರದು ದೊಡ್ಡ ಹೆಸರು. ಆದರೆ ಪ್ರಶಸ್ತಿ ದೊರೆತದ್ದು ಈ ಎರಡರಲ್ಲಿ ಯಾವುದಕ್ಕೂ ಅಲ್ಲ, ಜಾಝ್ ಗಾಯನಕ್ಕೆ! 1994ರಲ್ಲಿ ಹೊರಬಂದ 'ಮಿಸ್ಟರಿ ಲೇಡಿ: ಸಾಂಗ್ಸ್ ಆಫ್ ಬಿಲ್ಲಿ ಹಾಲಿಡೇ' ಎಂಬ ಆಲ್ಬಂ ಈ ಗೌರವಕ್ಕೆ ಕಾರಣವಾಯಿತು.

ಸೋಲ್ ಗಾಯಕಿಯೊಬ್ಬರು ಹಳೆಯ ಜಾಝ್ ಗೀತೆಗಳನ್ನು ಹಾಡಿದರೆ ಅದರಲ್ಲಿ ಅಂಥ ವಿಶೇಷವೇನು ಎಂಬ ಪ್ರಶ್ನೆ ಸಹಜ. ಉತ್ತರ ಬೇಕಿದ್ದರೆ 'ಸ್ಟ್ಯಾಂಡರ್ಡ್' ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳಿಗೂ ಹಾಲಿವುಡ್ ಚಿತ್ರಗಳಿಗೂ ಸಾವಿರಾರು ಹಾಡುಗಳು ರಚನೆಯಾದವು. ಜಾರ್ಜ್ ಗರ್ಶ್ವಿನ್, ಅರ್ವಿಂಗ್ ಬರ್ಲಿನ್ ಮೊದಲಾದವರು ಈ ಉದ್ಯಮದ ಘಟಾನುಘಟಿಗಳು. ನಾಟಕ, ಸಿನಿಮಾಗಳು ಮರೆತುಹೋದರೂ ಕೆಲವು ಹಾಡುಗಳು ಉಳಿದುಕೊಂಡವು. ಅವನ್ನು ಉಳಿಸಿದವರು ಜಾಝ್ ವಾದಕರು. ಮೂವತ್ತೆರಡು ತಾಳಾವರ್ತಗಳ ಪುಟ್ಟ ಚೌಕಟ್ಟು, ಅದರೊಳಗೊಂದು ಮಧುರ ಧಾಟಿ, ಅದರಡಿಯಲ್ಲಿ ಕ್ರಮವಾಗಿ ಬದಲಾಗುವ ಸ್ವರಮೇಳ. ಇಷ್ಟಿದ್ದರೆ ವಾದಕನಿಗೆ ಕಲ್ಪನೆಯನ್ನು ವಿಸ್ತರಿಸಲು ಬೇಕಾದಷ್ಟು ಜಾಗ ದೊರೆಯುತ್ತಿತ್ತು. ಹೀಗೆ ಎಲ್ಲರೂ ಬಲ್ಲ, ಎಲ್ಲರೂ ತಮ್ಮದೇ ರೀತಿಯಲ್ಲಿ ನುಡಿಸುವ ಹಾಡುಗಳೇ ಸ್ಟ್ಯಾಂಡರ್ಡ್‌ಗಳು. ದಾಸರ ಪದವೊಂದು ಕರ್ನಾಟಕ ಸಂಗೀತದ ಕಛೇರಿಯಲ್ಲಿ ಒಂದು ರೂಪ ತಾಳಿದರೆ, ಭೀಮಸೇನ ಜೋಶಿಯವರ 'ದಾಸವಾಣಿ'ಯಲ್ಲಿ ಮತ್ತೊಂದು ರೂಪ ತಾಳುವುದನ್ನು ಕೇಳಿದವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಭಕ್ತಿಯ ಮಾತು ಬೇರೆ, ಅಷ್ಟೆ.

ಈ ಹಾಡುಗಳನ್ನು ದನಿಯಲ್ಲಿ ಮರುಸೃಷ್ಟಿಸಿದವರ ಪೈಕಿ ಬಿಲ್ಲಿ ಹಾಲಿಡೇ (1915-1959) ಅಗ್ರಗಣ್ಯರು. ಅವರ ದನಿಯ ಹರವು ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೇ. ಗಟ್ಟಿಯಾಗಿ ಹಾಡುವವರೂ ಅಲ್ಲ. ಆದರೆ ತಾಳ ಬಿದ್ದ ಮೇಲೆ ಕ್ಷಣಕಾಲ ತಡೆದು ಮಾತನ್ನು ಇಳಿಸುವುದು, ಬರೆದಿಟ್ಟ ಧಾಟಿಯನ್ನು ಮುರಿದು ಎರಡೋ ಮೂರೋ ಸ್ವರಗಳಲ್ಲೇ ಹೊಸದೊಂದನ್ನು ಕಟ್ಟುವುದು ಅವರಿಗೆ ಸಿದ್ಧಿಸಿತ್ತು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಒಡನಾಟದಲ್ಲಿ ಬೆಳೆದ ಈ ಕಲೆ ಕೇಳುವುದಕ್ಕೆ ಸರಳ, ಅನುಕರಿಸುವುದಕ್ಕೆ ಬಲು ಕಷ್ಟ.

ಚರ್ಚಿನ ಕಂಠ

ಎಟ್ಟಾ ಜೇಮ್ಸ್ ಬಂದ ದಾರಿ ಇದಕ್ಕೆ ತದ್ವಿರುದ್ಧ. 1938ರ ಜನವರಿ 25ರಂದು ಲಾಸ್ ಏಂಜಲೀಸ್‌ನಲ್ಲಿ ಜೇಮ್ಸೆಟ್ಟಾ ಹಾಕಿನ್ಸ್ ಆಗಿ ಜನಿಸಿದಾಗ ಆಕೆಯ ತಾಯಿ ಡೊರೊಥಿಗೆ ವಯಸ್ಸು ಕೇವಲ 14. ಮಗು ಬೆಳೆದದ್ದು ಸಾಕುತಾಯಿಯ ಮನೆಯಲ್ಲಿ. ಐದರ ಹರೆಯದಲ್ಲೇ ಬ್ಯಾಪ್ಟಿಸ್ಟ್ ಚರ್ಚಿನ ಗಾಯನವೃಂದದಲ್ಲಿ ಪಾಠ ಆರಂಭವಾಯಿತು. ಹೊಟ್ಟೆಯಾಳದಿಂದ ದನಿ ಎತ್ತಬೇಕು, ಪೀಠದಿಂದ ಕೊನೆಯ ಬೆಂಚಿನವರೆಗೆ ಅದು ಮುಟ್ಟಬೇಕು ಎಂಬುದು ಅಲ್ಲಿನ ಕಲಿಕೆ. ಚರ್ಚಿನ ಇದೇ ಗಾಯನಶೈಲಿ ಲೌಕಿಕ ಪ್ರೇಮಗೀತೆಗಳಿಗೆ ಹೊರಳಿದಾಗ ಹುಟ್ಟಿದ್ದೇ ಸೋಲ್ ಸಂಗೀತ.

ತಾಯಿ ಮಗಳ ಬದುಕಿನಲ್ಲಿ ಬಂದು ಹೋಗುವ ಅತಿಥಿಯಂತಿದ್ದರು. ಸಾಕುತಾಯಿ ತೀರಿಕೊಂಡ ಬಳಿಕ, 1950ರಲ್ಲಿ, ಮಗಳನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದೊಯ್ದರಾದರೂ ಇಬ್ಬರ ನಡುವಿನ ಅಂತರ ತಗ್ಗಲಿಲ್ಲ. ಡೊರೊಥಿಗೆ ಜಾಝ್ ಎಂದರೆ ಪ್ರಾಣ, ಬಿಲ್ಲಿ ಹಾಲಿಡೇ ಎಂದರೆ ಆರಾಧನೆ. ಗಂಟಲು ಹರಿಯುವಂತೆ ಹಾಡುವ ಬ್ಲೂಸ್ ಅವರ ಕಿವಿಗೆ ಒರಟು. ಡೇವಿಡ್ ರಿಟ್ಜ್ ಜೊತೆಗೂಡಿ 1995ರಲ್ಲಿ ಪ್ರಕಟಿಸಿದ 'ರೇಜ್ ಟು ಸರ್ವೈವ್' ಆತ್ಮಕಥೆಯಲ್ಲಿ ಎಟ್ಟಾ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ತಾಯಿಯನ್ನು ಆಕೆ ಕರೆಯುತ್ತಿದ್ದುದೇ 'ಮಿಸ್ಟರಿ ಲೇಡಿ' ಎಂದು. ರಹಸ್ಯವಾಗಿಯೇ ಉಳಿದ ಹೆಂಗಸು ಎಂದರ್ಥ. ಆಲ್ಬಮ್ಮಿನ ಹೆಸರು ಹಾಲಿಡೇ ಒಬ್ಬರಿಗೇ ಸಲ್ಲುವಂಥದಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ತಾಯಿಗೆ ಒರಟೆನಿಸಿದ್ದೇ ಮಗಳ ಜೀವನೋಪಾಯವಾಯಿತು. ಬ್ಯಾಂಡ್ ನಾಯಕ ಜಾನಿ ಓಟಿಸ್ ಈ ಹುಡುಗಿಯ ಹೆಸರನ್ನು ಎರಡಾಗಿಸಿ, ಹಿಂದುಮುಂದು ಮಾಡಿ 'ಎಟ್ಟಾ ಜೇಮ್ಸ್' ಎಂದು ಕರೆದರು. 1955ರಲ್ಲಿ 'ರೋಲ್ ವಿತ್ ಮಿ, ಹೆನ್ರಿ' ರಿದಂ ಅಂಡ್ ಬ್ಲೂಸ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಹೆಸರು ಅಶ್ಲೀಲವೆಂದು ಆಕ್ಷೇಪ ಬಂದಾಗ ಅದು 'ದಿ ವಾಲ್‌ಫ್ಲವರ್' ಆಯಿತು. ಅದೇ ವರ್ಷ ಜಾರ್ಜಿಯಾ ಗಿಬ್ಸ್ ಎಂಬ ಬಿಳಿಯ ಗಾಯಕಿ ಇದನ್ನೇ ತುಸು ಸಭ್ಯಗೊಳಿಸಿ ಹಾಡಿ ಇಡೀ ದೇಶದ ಪಾಪ್ ಪಟ್ಟಿಯಲ್ಲಿ ಮೊದಲಿಗರಾದರು. ಕರಿಯರ ಹಾಡು ಕರಿಯರ ಪಟ್ಟಿಯಲ್ಲಿ, ಅದರ ನಕಲು ಎಲ್ಲರ ಪಟ್ಟಿಯಲ್ಲಿ ಎಂಬುದು ಅಂದಿನ ವ್ಯಾಪಾರದ ಅಲಿಖಿತ ನಿಯಮ.

ಕಂಪನಿಯ ಲೆಕ್ಕಾಚಾರ

ಸೋಲ್ ಗಾಯಕರು ಸ್ಟ್ಯಾಂಡರ್ಡ್ ಹಾಡುವ ಪರಿಪಾಠ ಬೆಳೆದುದಕ್ಕೂ ಈ ನಿಯಮಕ್ಕೂ ನಂಟುಂಟು. ಬಿಳಿಯ ಶ್ರೋತೃಗಳು ತುಂಬಿದ ದುಬಾರಿ ನೈಟ್‌ಕ್ಲಬ್ಬುಗಳ ಬಾಗಿಲು ತೆರೆಯಬೇಕಾದರೆ ಬ್ರಾಡ್‌ವೇ ಗೀತೆಗಳೇ ಕೀಲಿಕೈ ಎಂದು ಧ್ವನಿಮುದ್ರಣ ಸಂಸ್ಥೆಗಳು ನಂಬಿದ್ದವು. ಮಾರ್ವಿನ್ ಗೇ ಅವರ ಚೊಚ್ಚಲ ಆಲ್ಬಮ್ಮಿನಲ್ಲಿ (1961) ಸ್ಟ್ಯಾಂಡರ್ಡ್‌ಗಳದೇ ಮೇಲುಗೈ. ನ್ಯಾಟ್ ಕಿಂಗ್ ಕೋಲ್ ಅವರಂತಾಗುವ ಹಂಬಲ ಸ್ವತಃ ಅವರಿಗೂ ಇತ್ತೆನ್ನಿ. ಆದರೆ ಅದು ಮಾರಾಟವಾಗಲಿಲ್ಲ. ಕೊಲಂಬಿಯಾ ಸಂಸ್ಥೆಯಲ್ಲಿದ್ದ ಅರೀಥಾ ಫ್ರಾಂಕ್ಲಿನ್ 1964ರಲ್ಲಿ ಡೈನಾ ವಾಷಿಂಗ್ಟನ್ ಸ್ಮರಣೆಗೆ ಒಂದು ಆಲ್ಬಂ ಅರ್ಪಿಸಿದರು. ಸೊಗಸಾದ ಗಾಯನ, ಆದರೆ ಅರೀಥಾ ಯಾರೆಂದು ಜಗತ್ತಿಗೆ ತಿಳಿದದ್ದು ಅಟ್ಲಾಂಟಿಕ್ ಸಂಸ್ಥೆ ಸೇರಿ 1967ರಲ್ಲಿ ಚರ್ಚಿನ ದನಿಗೆ ಮರಳಿದ ಮೇಲೆಯೇ.

ಎಟ್ಟಾ ಅವರ ಪಾಲಿಗೆ ಮಾತ್ರ ಈ ಪ್ರಯೋಗ ಒಮ್ಮೆ ಫಲಿಸಿತ್ತು. ಚೆಸ್ ಸಂಸ್ಥೆಗೆ 1960ರಲ್ಲಿ ಅವರು ಹಾಡಿದ 'ಅಟ್ ಲಾಸ್ಟ್' ವಾಸ್ತವವಾಗಿ 1941ರ ರಚನೆ. ಮ್ಯಾಕ್ ಗೋರ್ಡನ್, ಹ್ಯಾರಿ ವಾರೆನ್ ಅವರ ಈ ಗೀತೆಯನ್ನು ಗ್ಲೆನ್ ಮಿಲ್ಲರ್ ವಾದ್ಯವೃಂದ ಜನಪ್ರಿಯಗೊಳಿಸಿತ್ತು. ಪಿಟೀಲುಗಳ ಹಿನ್ನೆಲೆಯ ಮೇಲೆ ಎಟ್ಟಾ ಅವರ ದನಿ ಚಿಮ್ಮಿದ ನಂತರ ಅದು ಮತ್ತೊಬ್ಬರದು ಎಂಬುದೇ ಮರೆತುಹೋಯಿತು. ಅಧ್ಯಕ್ಷ ಬರಾಕ್ ಒಬಾಮಾ ದಂಪತಿ 2009ರ ಪದಗ್ರಹಣದ ಸಮಾರಂಭದಲ್ಲಿ ನರ್ತಿಸಿದ್ದು ಇದೇ ಹಾಡಿಗೆ. ಅಂದು ಹಾಡಿದವರು ಬಿಯಾನ್ಸೆ.

ದನಿ ತಗ್ಗಿಸಿದ ಬಗೆ

'ಅಟ್ ಲಾಸ್ಟ್' ಕೇಳಿದವರು 'ಮಿಸ್ಟರಿ ಲೇಡಿ'ಯನ್ನು ಕೇಳಿದರೆ ಮೊದಲು ಅಚ್ಚರಿಪಡುವುದು ಅದರ ಸದ್ದಿಲ್ಲದ ನಡೆಗೆ. 56ರ ಹರೆಯದ ಎಟ್ಟಾ ಇಲ್ಲಿ ತಮ್ಮ ಅತಿ ದೊಡ್ಡ ಅಸ್ತ್ರವನ್ನೇ ಕೆಳಗಿಟ್ಟಿದ್ದಾರೆ. ಪಿಟೀಲುಗಳಿಲ್ಲ, ದೊಡ್ಡ ವೃಂದವಿಲ್ಲ. ನಿರ್ಮಾಪಕ ಜಾನ್ ಸ್ನೈಡರ್. ಪಿಯಾನೊದಲ್ಲಿ ಸೀಡರ್ ವಾಲ್ಟನ್. ಆರ್ಟ್ ಬ್ಲೇಕಿ ತಂಡದಲ್ಲಿ ಪಳಗಿದ ಇವರದೇ ವಾದ್ಯ ಸಂಯೋಜನೆ. ರೆಡ್ ಹಾಲೊವೆ ಅವರ ಸ್ಯಾಕ್ಸೊಫೋನ್, ಜಾನ್ ಕ್ಲೇಟನ್ ಅವರ ಬಾಸ್, ಎಟ್ಟಾ ಅವರದೇ ತಂಡದ ಜಾಶ್ ಸ್ಕ್ಲೇರ್ ಅವರ ಗಿಟಾರ್.

ಹನ್ನೊಂದು ಹಾಡುಗಳ ಈ ಆಲ್ಬಂ ಆರಂಭವಾಗುವುದು 'ಡೋಂಟ್ ಎಕ್ಸ್‌ಪ್ಲೇನ್'ನಿಂದ. ಹಾಲಿಡೇ ಸ್ವತಃ ಆರ್ಥರ್ ಹರ್ಜಾಗ್ ಜೊತೆ ಸೇರಿ ರಚಿಸಿದ ಈ ಗೀತೆಯಲ್ಲಿ ಹೆಣ್ಣೊಬ್ಬಳು ಪರಸಂಗ ಮಾಡಿ ಬಂದ ಗಂಡನಿಗೆ ವಿವರಣೆ ಬೇಡವೆನ್ನುತ್ತಾಳೆ. ಹಾಲಿಡೇ ದನಿಯಲ್ಲಿ ಅದು ಸೋತವಳ ಮಾತು. ಎಟ್ಟಾ ದನಿಯಲ್ಲಿ ಎಲ್ಲವನ್ನೂ ಬಲ್ಲವಳ ಮಾತು. ಕ್ಷಮಿಸಿದ್ದಾಳೋ ಲೆಕ್ಕ ಇಟ್ಟುಕೊಂಡಿದ್ದಾಳೋ ತಿಳಿಯದು. ಪದಗಳು ಬದಲಾಗಿಲ್ಲ. ಬದಲಾದದ್ದು ಉಸಿರಿನ ತೂಕ. ಮರುವ್ಯಾಖ್ಯಾನವೆಂದರೆ ಇದೇ.

ಹಾಲಿಡೇ ಅವರಂತೆ ತಾಳದ ಹಿಂದೆ ನಿಲ್ಲುವ ಕೌಶಲವನ್ನು ಎಟ್ಟಾ ಬಳಸಿಕೊಳ್ಳುತ್ತಾರೆ, ದನಿಯ ಬಣ್ಣವನ್ನು ಮಾತ್ರ ಅನುಕರಿಸುವುದಿಲ್ಲ. ಸಾಲಿನ ಕೊನೆಯಲ್ಲಿ ಒಮ್ಮೊಮ್ಮೆ ಚರ್ಚಿನ ಗಮಕವೊಂದು ಇಣುಕಿ ಮರೆಯಾಗುತ್ತದೆ. 'ಬಾಡಿ ಅಂಡ್ ಸೋಲ್'ನ (1930) ನಡುಭಾಗದಲ್ಲಿ ಶ್ರುತಿ ಎರಡೆರಡು ಬಾರಿ ಸ್ಥಾನ ಬದಲಿಸುತ್ತದೆ. ಗಾಯಕರು ಎಡವುವ ಈ ತಾಣವನ್ನು ಆಕೆ ಅವಸರವಿಲ್ಲದೆ ದಾಟುತ್ತಾರೆ. ಕೊನೆಯ ಹಾಡು 'ಐ ವಿಲ್ ಬಿ ಸೀಯಿಂಗ್ ಯೂ' ರಚನೆಯಾದದ್ದು 1938ರಲ್ಲಿ, ಎಟ್ಟಾ ಹುಟ್ಟಿದ ವರ್ಷ.

ಕೊರತೆಗಳೂ ಇಲ್ಲದಿಲ್ಲ. ಬಹುತೇಕ ಎಲ್ಲ ಹಾಡುಗಳೂ ಒಂದೇ ವಿಳಂಬ ನಡೆಯಲ್ಲಿ ಸಾಗುವುದರಿಂದ ಒಂದೇ ಪಟ್ಟಿಗೆ ಕೇಳಿದರೆ ಏಳನೆಯ ಹಾಡಿನ ಹೊತ್ತಿಗೆ ಮನಸ್ಸು ತೂಕಡಿಸುತ್ತದೆ. ಹಾಲಿಡೇ ಅವರ ವಿನೋದ, ಲವಲವಿಕೆಯ ಮೂವತ್ತರ ದಶಕದ ಮುಖ ಇಲ್ಲಿಲ್ಲ. ಕರಿಯರ ಹತ್ಯೆಗಳ ವಿರುದ್ಧ ಅವರು ಹಾಡಿದ 'ಸ್ಟ್ರೇಂಜ್ ಫ್ರೂಟ್' ಕೂಡ ಇಲ್ಲ. ಇದು ಪ್ರೇಮ ಮತ್ತು ವಿರಹಕ್ಕೆ ಮೀಸಲಾದ ಆಯ್ಕೆ.

ಹಾಡಿನ ಆಚೆಗೂ ಇಬ್ಬರನ್ನು ಬೆಸೆಯುವ ಕಹಿ ಸಂಗತಿಯೊಂದಿದೆ. ಮಾದಕವಸ್ತು ಪ್ರಕರಣದಲ್ಲಿ 1947ರಲ್ಲಿ ಜೈಲು ಸೇರಿದ ಹಾಲಿಡೇ, ನ್ಯೂಯಾರ್ಕ್ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿಯನ್ನೇ ಕಳೆದುಕೊಂಡರು. 1959ರಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದಾಗಲೂ ಅವರನ್ನು ಬಂಧಿಸಲಾಯಿತು. ಜುಲೈ 17ರಂದು ಅಲ್ಲಿಯೇ ಕೊನೆಯುಸಿರೆಳೆದಾಗ ವಯಸ್ಸು 44. ಹೆರಾಯಿನ್ ಚಟ ಎಟ್ಟಾ ಅವರನ್ನೂ ವರ್ಷಗಟ್ಟಲೆ ಕಾಡಿತು. 1988ರಲ್ಲಿ ಬೆಟ್ಟಿ ಫೋರ್ಡ್ ಕೇಂದ್ರದಲ್ಲಿ ಚಿಕಿತ್ಸೆ ಪಡೆದ ಬಳಿಕ ಅವರ ವೃತ್ತಿಯ ಎರಡನೆಯ ಇನ್ನಿಂಗ್ಸ್ ಆರಂಭವಾಯಿತು. ಹಾಲಿಡೇಗೆ ದಕ್ಕದ ವಯಸ್ಸಿನಲ್ಲಿ ಅವರ ಹಾಡುಗಳು ಎಟ್ಟಾಗೆ ದಕ್ಕಿದವು.

'ಮಿಸ್ಟರಿ ಲೇಡಿ' ಬಳಿಕ ಅವರು ಮತ್ತಷ್ಟು ಸ್ಟ್ಯಾಂಡರ್ಡ್ ಆಲ್ಬಮ್ಮುಗಳನ್ನು ಹೊರತಂದರು. 2003ರಲ್ಲಿ ಜೀವಮಾನ ಸಾಧನೆಯ ಗ್ರ್ಯಾಮಿ ಸಂದಿತು. 2012ರ ಜನವರಿ 20ರಂದು, ಹೆಸರಿಟ್ಟ ಜಾನಿ ಓಟಿಸ್ ತೀರಿಕೊಂಡ ಮೂರೇ ದಿನಕ್ಕೆ, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಟ್ಟಾ ನಿಧನರಾದರು.

ಸ್ಟ್ಯಾಂಡರ್ಡ್ ಆಲ್ಬಮ್ಮುಗಳ ಪೈಕಿ 2001ರಲ್ಲಿ ಬಂದ 'ಬ್ಲೂ ಗಾರ್ಡೇನಿಯಾ'ಗೂ ಸೀಡರ್ ವಾಲ್ಟನ್ ಅವರದೇ ಪಿಯಾನೊ. ಅದರ ಶೀರ್ಷಿಕೆ ಗೀತೆಯಲ್ಲಿ ಎಟ್ಟಾ ಜೊತೆಗೆ ಮತ್ತೊಂದು ಹೆಣ್ಣುದನಿ ಕೇಳಿಸುತ್ತದೆ. ಅದು ತಾಯಿ ಡೊರೊಥಿಯವರದು.