ಹೋಳಿಗೆ ಊಟ ಸರಿ, ಟೀ ಯಾವಾಗ?

ಹಬ್ಬದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಟೀ ಲೋಟಗಳು ಬರುವುದು ಚಳ್ಳಕೆರೆ, ಬಿ.ಜಿ. ಕೆರೆ, ಮೊಳಕಾಲ್ಮೂರು ಸೀಮೆಯ ಅನೇಕ ಮನೆಗಳಲ್ಲಿ ವಾಡಿಕೆ. "ಹೋಳಿಗೆ ಭಾರವಾಯಿತು, ಒಂದು ಲೋಟ ಟೀ ಬಿದ್ದರೆ ಎಲ್ಲಾ ಇಳಿಯುತ್ತೆ" ಎನ್ನುವ ಮಾತೂ ಜೊತೆಗೇ ಬರುತ್ತದೆ. ಟೀಯಿಂದ ನಿಜವಾಗಿ ಹೋಳಿಗೆ ಇಳಿಯುತ್ತದೆಯೇ? ಇಲ್ಲ. ಟೀಯಲ್ಲಿರುವ ಕೆಫೀನ್ ಊಟದ ನಂತರದ ಮಂಪರನ್ನು ಸ್ವಲ್ಪ ಕಳೆಯುತ್ತದೆ. ಅದನ್ನೇ ನಾವು ಜೀರ್ಣವಾಯಿತೆಂದು ಭಾವಿಸುತ್ತೇವೆ. ಹುಳಿತೇಗಿನ ತೊಂದರೆ ಇರುವವರಿಗಂತೂ ಅದು ಹೆಚ್ಚಾಗುವ ಸಂಭವವೇ ಜಾಸ್ತಿ.

ಹಾಗೆಂದು ಹಬ್ಬದ ದಿನ ಟೀ ಬಿಡಬೇಕೆಂದಿಲ್ಲ. ಯಾವ ಟೀ, ಯಾವ ಹೊತ್ತಿಗೆ, ಯಾವ ತಿಂಡಿಯ ಜೊತೆಗೆ ಎಂಬುದನ್ನು ತಿಳಿದು ಕುಡಿಯಬೇಕು.

ಕಬ್ಬಿಣಾಂಶಕ್ಕೆ ಕನ್ನ

ಯುಗಾದಿಯ ಎಲೆಯಲ್ಲಿ ಏನೇನಿರುತ್ತದೆ ನೋಡಿ. ಬೇಳೆಯ ಹೋಳಿಗೆ, ಹೋಳಿಗೆ ಸಾರು, ಹೆಸರುಬೇಳೆ ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ. ಬೇಳೆ, ಸೊಪ್ಪು, ಧಾನ್ಯಗಳಲ್ಲಿ ಕಬ್ಬಿಣಾಂಶವಿದೆ. ಆದರೆ ಸಸ್ಯಾಹಾರದ ಕಬ್ಬಿಣಾಂಶವನ್ನು ನಮ್ಮ ಕರುಳು ಪೂರ್ತಿಯಾಗಿ ಹೀರಿಕೊಳ್ಳಲಾರದು. ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ದಕ್ಕಿದರೆ ಹೆಚ್ಚು.

ಊಟದ ಜೊತೆಗೋ ಊಟವಾದ ಕೂಡಲೇ ಒಂದು ಲೋಟ ಟೀ ಕುಡಿದರೆ ಆ ಪಾಲಿಗೂ ಕನ್ನ ಬೀಳುತ್ತದೆ. ಟೀಗೆ ಒಗರು ರುಚಿ ಕೊಡುವ ಟ್ಯಾನಿನ್ ಮುಂತಾದ ಪಾಲಿಫಿನಾಲ್‌ಗಳು ಕಬ್ಬಿಣಾಂಶವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ತಡೆಯುತ್ತವೆ. 1975ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಅನ್ನದ ಊಟದೊಡನೆ ಒಮ್ಮೆ ನೀರು, ಒಮ್ಮೆ ಟೀ ಕೊಟ್ಟು ಪರೀಕ್ಷಿಸಿದರು. ಟೀ ಕುಡಿದಾಗ ದೇಹ ಹೀರಿಕೊಂಡ ಕಬ್ಬಿಣಾಂಶ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು.

"ನಾವು ಹಾಲು ಹಾಕಿ ಕುಡಿಯುತ್ತೇವಲ್ಲ?" ಎಂದು ನೀವು ಕೇಳಬಹುದು. ಹಾಲು ಹಾಕಿದರೂ ಈ ತೊಂದರೆ ಹೆಚ್ಚೇನೂ ತಗ್ಗುವುದಿಲ್ಲ. ಗ್ರೀನ್ ಟೀ, ಪುದೀನ ಟೀಗಳಿಗೂ ಇದೇ ಗುಣವಿದೆ. ಪುಡಿ ಹೆಚ್ಚು ಹಾಕಿ ಬಹಳ ಹೊತ್ತು ಕುದಿಸಿದಷ್ಟೂ ಟ್ಯಾನಿನ್ ಹೆಚ್ಚು ಇಳಿಯುತ್ತದೆ.

ಕೊನೆಯಲ್ಲಿ ಉಣ್ಣುವವರು ಯಾರು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹಬ್ಬದ ದಿನ ಬೆಳಗಿನಿಂದ ಒಲೆಯ ಮುಂದೆ ನಿಂತು, ಹೊಟ್ಟೆಗೆ ಬರೀ ಟೀ ಹಾಕಿಕೊಂಡು, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ತಾನು ಉಂಡು, ಸುಸ್ತು ಕಳೆಯಲೆಂದು ತಕ್ಷಣ ಮತ್ತೊಂದು ಲೋಟ ಟೀ ಕುಡಿಯುವವಳು ಇವರಲ್ಲಿ ಒಬ್ಬಳಾಗಿರುವ ಸಂಭವ ಹೆಚ್ಚು. ಮೇಲಿಂದ ಮೇಲೆ ಕುಡಿದ ಟೀ ಹಸಿವನ್ನು ಕೊಲ್ಲುತ್ತದೆ. ಉಂಡಷ್ಟರಲ್ಲೂ ಕಬ್ಬಿಣಾಂಶ ದಕ್ಕುವುದಿಲ್ಲ. ಸುಸ್ತು ಹಾಗೆಯೇ ಉಳಿಯುತ್ತದೆ.

ಬಸುರಿಯರು, ಬಾಣಂತಿಯರು, ಮೈನೆರೆದ ಹುಡುಗಿಯರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಟೀ ಜೊತೆ ನುಂಗಬಾರದು. ನೀರಿನಲ್ಲಿ ಅಥವಾ ನಿಂಬೆಹಣ್ಣಿನ ಪಾನಕದಲ್ಲಿ ನುಂಗಿರಿ.

ಯಾವ ಹೊತ್ತಿಗೆ ಯಾವುದು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ, ಕಾಫಿ ಬೇಡ ಎಂದು ಹೇಳಿದೆ. ಇದನ್ನು ನಮ್ಮ ಹಬ್ಬಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು.

ಬೆಳಿಗ್ಗೆ: ಅಭ್ಯಾಸವಿದ್ದವರು ಒಂದು ಲೋಟ ಹಾಲಿನ ಟೀ ಕುಡಿಯಲಿ. ಪೂಜೆ ಮುಗಿಯುವವರೆಗೆ ಅದನ್ನೇ ಮತ್ತೆ ಮತ್ತೆ ಕುಡಿಯುವುದು ಬೇಡ. ಅಡುಗೆ ಮಾಡುವವರು ನಡುವೆ ಬಾಳೆಹಣ್ಣನ್ನೋ ನೆನೆಸಿದ ಶೇಂಗಾವನ್ನೋ ತಿನ್ನುವುದು ಮೇಲು.

ಊಟದ ಜೊತೆ: ನೀರು ಸಾಕು. ಕೋಸಂಬರಿಗೆ ಧಾರಾಳವಾಗಿ ನಿಂಬೆಹಣ್ಣು ಹಿಂಡಿ. ನಿಂಬೆ, ಮಾವಿನಕಾಯಿಗಳಲ್ಲಿರುವ ಸಿ ಜೀವಸತ್ವ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಹಬ್ಬದೂಟಕ್ಕೆ ತಕ್ಕ ಜೋಡಿ ಇದು.

ಸಂಜೆ: ಊಟವಾಗಿ ಒಂದೆರಡು ಗಂಟೆ ಕಳೆದ ಮೇಲೆ ಟೀ ಕುಡಿಯಿರಿ. ಮಧ್ಯಾಹ್ನ ಹೋಳಿಗೆ, ತುಪ್ಪ ಜೋರಾಗಿ ಇಳಿದಿದ್ದರೆ ತೆಳ್ಳಗಿನ ಬ್ಲಾಕ್ ಟೀಗೆ ಶುಂಠಿ ಜಜ್ಜಿ ಹಾಕಿ, ನಿಂಬೆ ಹಿಂಡಿ, ಸಕ್ಕರೆ ಇಲ್ಲದೆ ಕುಡಿದರೆ ಬಾಯಿಗೂ ಹಿತ. ಮಂಡಕ್ಕಿ, ಕೋಡುಬಳೆ ತಿನ್ನುವವರಿಗೆ ಹಾಲಿನ ಟೀ ಹೊಂದುತ್ತದೆ.

ರಾತ್ರಿ: ಮಲಗುವ ಮೊದಲು ಟೀ ಬೇಡ. ಕೆಫೀನ್ ಗಂಟೆಗಟ್ಟಲೆ ದೇಹದಲ್ಲಿದ್ದು ನಿದ್ದೆ ಕೆಡಿಸುತ್ತದೆ. ಬಿಸಿಯಾಗಿ ಏನಾದರೂ ಬೇಕೆನಿಸಿದರೆ ಟೀ ಪುಡಿ ಹಾಕದ ಜೀರಿಗೆ ಕಷಾಯವೋ ಮಜ್ಜಿಗೆಹುಲ್ಲಿನ ಕಷಾಯವೋ ಆಗಬಹುದು.

ಯುಗಾದಿಯ ಮಾರನೆಯ ದಿನ ಬಾಡೂಟ ಮಾಡುವ ಮನೆಗಳಿಗೂ ಒಂದು ಮಾತು. ಮಾಂಸದ ಕಬ್ಬಿಣಾಂಶ ಸಸ್ಯಾಹಾರದ್ದಕ್ಕಿಂತ ಸುಲಭವಾಗಿ ದಕ್ಕುತ್ತದೆ, ಟೀ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಆದರೆ ಜೊತೆಗಿರುವ ರಾಗಿ ಮುದ್ದೆಯ ಕಬ್ಬಿಣಾಂಶಕ್ಕೆ ತಡೆ ಇದ್ದೇ ಇದೆ. ಒಂದು ಗಂಟೆಯ ನಿಯಮ ಅಂದಿಗೂ ಇರಲಿ.

ಸಕ್ಕರೆಯ ಲೆಕ್ಕ

ಹಬ್ಬದ ದಿನ ನಾಲ್ಕು ಮನೆಗೆ ಹೋದರೆ ನಾಲ್ಕು ಲೋಟ ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 10 ಗ್ರಾಂ, ನಾಲ್ಕಕ್ಕೆ 40 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿಯೇ ಸುಮಾರು 50 ಗ್ರಾಂ. ಹೋಳಿಗೆಯ ಬೆಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ! ಮಧುಮೇಹದವರಿಗೆ ಬೆಲ್ಲದ ಟೀ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹೋಳಿಗೆ ತಿನ್ನುವ ಆಸೆ ಇದ್ದರೆ ಆ ದಿನದ ಟೀಗಳಲ್ಲಿ ಸಿಹಿ ಬಿಡಿ.

ನಮ್ಮ ಸೀಮೆಯ ನೀರು

ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ, ಕೀಲುನೋವು, ಮೂಳೆಗಳ ಬಿಗಿತ ಕಾಣಿಸಿಕೊಳ್ಳುತ್ತವೆ. ಟೀ ಗಿಡ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಅದು ಡಿಕಾಕ್ಷನ್ನಿಗೂ ಇಳಿಯುತ್ತದೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಆದ್ದರಿಂದ ಟೀಗೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಘಟಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಮಕ್ಕಳಿಗಂತೂ ಟೀ ಅಭ್ಯಾಸ ಮಾಡಿಸಲೇಬೇಡಿ.

ಈ ಸಲ ಹಬ್ಬದೂಟ ಮುಗಿದ ಕೂಡಲೇ ಒಲೆಯ ಮೇಲೆ ಟೀ ಪಾತ್ರೆ ಇಡುವುದು ಬೇಡ. ಅಡುಗೆ ಮಾಡಿದವರೂ ಉಂಡು, ಒಂದು ಗಂಟೆ ಕಾಲು ಚಾಚಿ ಕೂರಲಿ. ಆಮೇಲೆ ಮನೆಯ ಬೇರೆ ಯಾರಾದರೂ ಟೀ ಮಾಡಿ ಅವರ ಕೈಗೆ ಕೊಡಿ.