ಕೌನ್ಸೆಲರ್‌ಗೆ ಫೋನ್ ಮಾಡಿದ್ರೆ ಮನೆಯವರಿಗೆ ಗೊತ್ತಾಗುತ್ತಾ? ಮೊದಲ ಕರೆಗೂ ಮುಂಚೆ ತಿಳಿದಿರಬೇಕಾದ ವಿಷಯ

ಮಾರೇನಹಳ್ಳಿ: ರಾತ್ರಿ ನಿದ್ದೆ ಇಲ್ಲ, ಎದೆ ಢವಢವ ಅನ್ನುತ್ತೆ, ಸಾಲದ ಯೋಚನೆ ತಲೆ ಬಿಟ್ಟು ಹೋಗಲ್ಲ. ಯಾರಾದ್ರೂ ಮನೋವೈದ್ಯರ ಹತ್ರ ಮಾತಾಡಬೇಕು ಅಂತ ಅನಿಸುತ್ತೆ. ಆದ್ರೆ ಫೋನ್ ಕೈಗೆ ತಗೊಂಡವರು ಹಾಗೇ ಇಟ್ಟುಬಿಡ್ತಾರೆ. ‘ಗೊತ್ತಾದ್ರೆ ಜನ ಏನಂತಾರೆ?’ ಅನ್ನೋ ಭಯ. ವಿಜಯನಗರಕ್ಕೆ ಅಂಟಿಕೊಂಡಿರುವ ಮಾರೇನಹಳ್ಳಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಳಗೆ ಅಂಗಡಿ, ಮೇಲೆ ಸಂಸಾರ. ಇಲ್ಲಿ ಈ ಭಯ ಸುಳ್ಳೇನಲ್ಲ. ಆದರೆ ಡಾಕ್ಟರ್ ಹೇಳಿಬಿಡ್ತಾರೆ ಅಂತ ಹೆದರುವವರು ಕೌಂಟರ್ ಮೇಲೆ ಬಿದ್ದಿರೋ ತಮ್ಮದೇ ಫೋನ್ ಬಗ್ಗೆ ಯೋಚನೆ ಮಾಡಿರಲ್ಲ.

ಮೊದಲ ಮೆಸೇಜ್ ಹೇಗಿರಬೇಕು

ಮೊದಲ ಸಲ ಸಂಪರ್ಕಿಸುವಾಗ ಇಡೀ ಕಥೆ ಬರೆಯುವ ಅಗತ್ಯವೇ ಇಲ್ಲ. ‘ಅಪಾಯಿಂಟ್‌ಮೆಂಟ್ ಬೇಕಿತ್ತು. ಮಧ್ಯಾಹ್ನ 2ರಿಂದ 3ರ ಒಳಗೆ ಮಾತ್ರ ಕಾಲ್ ಮಾಡಿ. ಬೇರೆ ಯಾರಾದ್ರೂ ಎತ್ತಿದ್ರೆ ಎಲ್ಲಿಂದ ಅಂತ ಹೇಳಬೇಡಿ’ ಇಷ್ಟು ಸಾಕು. ಕ್ಲಿನಿಕ್‌ನಲ್ಲಿ ಫೋನ್ ಎತ್ತುವವರು ಎಷ್ಟೋ ಕಡೆ ರಿಸೆಪ್ಷನ್‌ನವರು, ಡಾಕ್ಟರ್ ಅಲ್ಲ. ಅವರಿಗೆ ಕಷ್ಟ ಸುಖ ಹೇಳುವ ಅಗತ್ಯ ಇಲ್ಲ. ಯಾವ ನಂಬರ್‌ಗೆ, ಯಾವ ಹೊತ್ತಿಗೆ ಕರೆ ಮಾಡಬೇಕು ಅನ್ನೋದನ್ನ ಮಾತ್ರ ಖಡಾಖಂಡಿತ ಹೇಳಬೇಕು. ಇಲ್ಲಾಂದ್ರೆ ಗಿರಾಕಿ ನಿಂತಿರುವಾಗ ವಾಪಸ್ ಕರೆ ಬರುತ್ತೆ, ಅಂಗಡಿ ಹುಡುಗ ಎತ್ತುತ್ತಾನೆ. ಅಲ್ಲಿಗೆ ಮುಗೀತು.

ವಾಟ್ಸಾಪ್‌ನಲ್ಲಿ ಮೆಸೇಜ್ ಬಂದ್ರೆ ಲಾಕ್ ಇರೋ ಸ್ಕ್ರೀನ್ ಮೇಲೂ ಮೊದಲ ಸಾಲು ಕಾಣಬಹುದು. ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಅದನ್ನ ಆಫ್ ಮಾಡಬಹುದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸೋಕೆ ಅಂತ ವಾಟ್ಸಾಪ್ ವೆಬ್ ಲಾಗಿನ್ ಮಾಡಿ ಹಾಗೇ ಎದ್ದು ಬಂದಿದ್ರೆ ಚಾಟ್ ಅಲ್ಲಿನ ಕಂಪ್ಯೂಟರ್‌ನಲ್ಲೂ ತೆರೆದುಕೊಳ್ಳುತ್ತೆ. ‘ಲಿಂಕ್ಡ್ ಡಿವೈಸಸ್’ ಒತ್ತಿ ನೋಡಿ, ಗೊತ್ತಿಲ್ಲದ್ದು ಇದ್ದರೆ ಲಾಗೌಟ್ ಮಾಡಿ. ಫೀಸನ್ನು ಅಂಗಡಿಯ ಯುಪಿಐಯಿಂದ ಕೊಟ್ಟರೆ ಕ್ಲಿನಿಕ್ ಹೆಸರು ಲೆಕ್ಕ ನೋಡುವವರಿಗೆ ಕಾಣುತ್ತೆ. ಕ್ಯಾಶ್ ಕೊಟ್ಟರೆ ಆ ತಾಪತ್ರಯ ಇಲ್ಲ.

ಮನೆಯಲ್ಲಿ ಮಾತಾಡೋಕೆ ಮೂಲೆ ಇಲ್ಲದವರು ವಿಡಿಯೋ ಕಾಲ್‌ಗಿಂತ ನೇರವಾಗಿ ಕ್ಲಿನಿಕ್‌ಗೆ ಹೋಗೋದೇ ವಾಸಿ.

ಡಾಕ್ಟರ್ ಯಾರಿಗೆ ಹೇಳಬಹುದು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಕೊಡುವವರು ರೋಗಿಯ ವಿಷಯವನ್ನು ಗುಟ್ಟಾಗಿ ಇಡಲೇಬೇಕು. 24ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಇಲ್ಲದೆ ಫೋಟೋ, ಮಾಹಿತಿ ಮಾಧ್ಯಮಕ್ಕೂ ಕೊಡುವಂತಿಲ್ಲ. ವಿನಾಯಿತಿಗಳೂ ಇವೆ. ಚಿಕಿತ್ಸೆ ಮಾಡುತ್ತಿರುವ ಬೇರೆ ಡಾಕ್ಟರ್‌ಗೆ ಹೇಳಬಹುದು, ಕೋರ್ಟ್ ಆದೇಶ ಬಂದರೆ ಹೇಳಬೇಕಾಗುತ್ತೆ, ರೋಗಿಯ ಜೀವಕ್ಕೆ ಅಥವಾ ಬೇರೆಯವರಿಗೆ ಅಪಾಯ ಇದೆ ಅನಿಸಿದ್ರೆ ಅದನ್ನು ತಡೆಯಲು ಬೇಕಾದಷ್ಟು ಮಾತ್ರ ಹೇಳಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ ಕಾಯ್ದೆಯಂತೆ ತಿಳಿಸಲೇಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ್ದು ‘ನಾಮನಿರ್ದೇಶಿತ ಪ್ರತಿನಿಧಿ’ ವಿಷಯ. 18 ತುಂಬಿದ ಯಾರೇ ಆಗಲಿ, ತಮ್ಮ ಪರವಾಗಿ ಯಾರು ಇರಬೇಕು ಅಂತ ಬಿಳಿ ಹಾಳೆ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಕೊಡಬಹುದು. ಆ ಪ್ರತಿನಿಧಿಗೆ ಡಾಕ್ಟರ್ ಮಾಹಿತಿ ಕೊಡಬಹುದು. ಯಾರ ಹೆಸರನ್ನೂ ಕೊಡದಿದ್ರೆ ಸಂಬಂಧಿಕರನ್ನೇ ಪ್ರತಿನಿಧಿ ಅಂತ ಪರಿಗಣಿಸಲು ಕಾಯ್ದೆಯಲ್ಲೇ ದಾರಿ ಇದೆ. ಅಂದ್ರೆ ಯಾರಿಗೆ ಗೊತ್ತಾಗಬಾರದು ಅಂದುಕೊಂಡಿದ್ದರೋ ಅವರೇ ಆಗಬಹುದು. ಹಾಗಾಗಿ ನಂಬಿಕೆಯ ಅಕ್ಕನೋ ಗೆಳೆಯನೋ ಇದ್ದರೆ ಮೊದಲೇ ಬರೆದಿಡೋದು ಜಾಣತನ. 18 ತುಂಬದ ಮಕ್ಕಳಿಗೆ ಸಾಮಾನ್ಯವಾಗಿ ಪೋಷಕರೇ ಪ್ರತಿನಿಧಿ.

‘ಸಾಯಬೇಕು ಅನಿಸುತ್ತೆ ಅಂದ್ರೆ ಪೊಲೀಸ್ ಕೇಸ್ ಆಗುತ್ತಾ?’ ಅನ್ನೋದು ಇನ್ನೊಂದು ಹೆದರಿಕೆ. ಅನಿಸಿಕೆ ಹೇಳಿಕೊಳ್ಳೋದು ಅಪರಾಧ ಅಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು ಎನ್ನುತ್ತೆ ಇದೇ ಕಾಯ್ದೆಯ 115ನೇ ಸೆಕ್ಷನ್.

ಬೋರ್ಡ್ ನೋಡಿ ನಂಬಬೇಡಿ

ಕಾಯ್ದೆಯ ಈ ಕಟ್ಟುಪಾಡು ವೈದ್ಯಕೀಯ, ಮಾನಸಿಕ ಆರೋಗ್ಯ ವೃತ್ತಿಯವರಿಗೆ. ‘ಕೌನ್ಸೆಲಿಂಗ್’ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಆ ಲೆಕ್ಕಕ್ಕೆ ಬರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಮನೋವೈದ್ಯರಿಗೆ ವೈದ್ಯಕೀಯ ನೋಂದಣಿ ಇರಬೇಕು. ಸಂಕೋಚ ಬಿಟ್ಟು ಕೇಳಿ. ನಮ್ಮ ಮಾತು ರೆಕಾರ್ಡ್ ಆಗುತ್ತಾ, ಫೈಲ್ ಯಾರು ನೋಡ್ತಾರೆ ಅಂತಲೂ ಕೇಳಿ. ಮುಖ ಸಿಂಡರಿಸಿದ್ರೆ ಬೇರೆಯವರ ಹತ್ರ ಹೋಗಿ.

ಇನ್ನು ಮೆಡಿಕಲ್ ಶಾಪ್. ಆಲ್ಪ್ರಜೋಲಮ್, ಜೋಲ್ಪಿಡೆಮ್ ಥರದ ಮಾತ್ರೆಗಳು ‘ಎಚ್1’ ಪಟ್ಟಿಯಲ್ಲಿವೆ. ಅಂಗಡಿಯವರು ರೋಗಿಯ ಹೆಸರು, ಬರೆದ ಡಾಕ್ಟರ್ ಹೆಸರು, ಮಾತ್ರೆ ಎಷ್ಟು ಅನ್ನೋದನ್ನ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಅದು ನಿಯಮ, ಅನುಮಾನ ಪಟ್ಟುಕೊಳ್ಳೋದೇನಿಲ್ಲ. ಪಕ್ಕದ ಬೀದಿಯ ಅಂಗಡಿ ಮುಜುಗರ ಅನಿಸಿದ್ರೆ ಎರಡು ಏರಿಯಾ ದಾಟಿ ತಗೊಳ್ಳಿ.

ಯಾರ ಎದುರಿಗೂ ಕೂರೋಕೆ ಮನಸ್ಸಿಲ್ಲದವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು. ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ವ್ಯವಸ್ಥೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಮಾತಾಡಿದ ಮೇಲೆ ಕಾಲ್ ಲಿಸ್ಟ್‌ನಿಂದ ನಂಬರ್ ಅಳಿಸೋದು ಮರೀಬೇಡಿ.

ಗುಟ್ಟು ಬಿಟ್ಟುಕೊಟ್ಟವರ ಮೇಲೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ಕಾಯ್ದೆ ಮೀರಿದ್ದು ಸಾಬೀತಾದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.